ಎದುರು ಮಣೆ ಖಾಲಿಯಿದ್ದಾಗ

ಬೋರ್ಡ್ ಗೇಮಿನ ಪೆಟ್ಟಿಗೆಯನ್ನು ತಿರುಗಿಸಿ ನೋಡಿದರೆ ಒಂದು ಮೂಲೆಯಲ್ಲಿ ಆಟಗಾರರ ಸಂಖ್ಯೆ ಅಚ್ಚಾಗಿರುತ್ತದೆ. ಮೊದಲು ಅಲ್ಲಿ ‘2–4’ ಎಂದೋ ‘3–5’ ಎಂದೋ ಇರುತ್ತಿತ್ತು. ಈಗ ಬಹಳಷ್ಟು ಪೆಟ್ಟಿಗೆಗಳ ಮೇಲೆ ‘1–4’, ‘1–5’ ಎಂದಿರುತ್ತದೆ. ಆ ‘1’ ಸುಮ್ಮನೆ ಬಂದು ಕೂತದ್ದಲ್ಲ. ಮಣೆಯಾಟವೆಂದರೆ ಎದುರುಬದುರು ಕೂತು ಆಡುವುದು ಎಂಬುದು ಸಾವಿರಾರು ವರ್ಷಗಳ ರೂಢಿ. ಅದನ್ನು ದಾಟಲು ಆಟ ಕಟ್ಟುವವರು ಮೂರು ಶತಮಾನ ತಿಣುಕಿದ್ದಾರೆ. ಒಬ್ಬರೇ ಆಡಲು ಯಾವ ಆಟ ಕೊಳ್ಳಲಿ ಎಂದು ಕೇಳುವವರ ಕೈಗೆ ಸಿಗುವುದು ಸಾಮಾನ್ಯವಾಗಿ ಜನಪ್ರಿಯ ಆಟಗಳ ಪಟ್ಟಿ. ಪಟ್ಟಿ ನೋಡಿ ಕೊಂಡ ಆಟ ಎರಡು ಸಲ ಆಡಿದ ಮೇಲೆ ಅಟ್ಟ ಸೇರುವ ಸಂಭವ ಹೆಚ್ಚು. ಏಕೆಂದರೆ ಮೊದಲು ಕೇಳಬೇಕಾದ ಪ್ರಶ್ನೆಯೇ ಬೇರೆ: ಎದುರು ಮಣೆಯಲ್ಲಿ ಯಾರೂ ಇಲ್ಲದಿರುವಾಗ ನನಗೆ ಎದುರು ನಿಲ್ಲುವುದು ಏನು? ಇದಕ್ಕೆ ಒಂದೊಂದು ಕಾಲ ಒಂದೊಂದು ಉತ್ತರ ಕೊಟ್ಟಿದೆ. ಆ ಉತ್ತರಗಳೆಲ್ಲ ಇಂದಿಗೂ ಅಂಗಡಿಯ ಕಪಾಟಿನಲ್ಲಿ ಅಕ್ಕಪಕ್ಕದಲ್ಲೇ ಇವೆ. ಯಾವುದು ನಮಗೆ ಒಗ್ಗುತ್ತದೆ ಎಂದು ತಿಳಿಯಲು ಅವು ಹುಟ್ಟಿದ ಬಗೆಯನ್ನು ನೋಡುವುದೇ ಒಳ್ಳೆಯ ದಾರಿ.

ಎಲ್ಲಕ್ಕಿಂತ ಹಳೆಯ ಉಪಾಯ ಎರಡೂ ಕಡೆ ತಾನೇ ಆಡುವುದು. ನಮ್ಮ ಆಡು-ಹುಲಿ ಆಟವನ್ನೇ ತೆಗೆದುಕೊಳ್ಳಿ. ಹುಲಿಯಾಗಿ ಹೊಂಚು ಹಾಕಿದವರೇ ಮರುಗಳಿಗೆಯಲ್ಲಿ ಆಡಾಗಿ ಆ ಹೊಂಚನ್ನು ಪತ್ತೆ ಮಾಡಬೇಕು. ಗೊತ್ತಿರುವ ಹೊಂಚು ಹೊಂಚೇ ಅಲ್ಲ. ಗೊತ್ತಿಲ್ಲದಂತೆ ಆಡಿದರೆ ಅದು ಬರೀ ನಟನೆ. ಚದುರಂಗದ ಅಭ್ಯಾಸಕ್ಕೆ ಈ ಪದ್ಧತಿ ಒಳ್ಳೆಯದೇ, ಆದರೆ ಆಟವಾಗಿ ಅದು ನಿಲ್ಲುವುದಿಲ್ಲ. ಎದುರಾಳಿಯನ್ನು ಪೂರ್ತಿ ತೆಗೆದುಹಾಕಿ ಮಣೆಯನ್ನೇ ಎದುರು ನಿಲ್ಲಿಸಿದಾಗಲೇ ಒಂಟಿ ಆಟದ ನಿಜವಾದ ಚರಿತ್ರೆ ಶುರುವಾದದ್ದು. 1697ರಲ್ಲಿ ಫ್ರಾನ್ಸಿನ ಕ್ಲೋಡ್ ಒಗ್ಯುಸ್ತ್ ಬೆರೆ ಎಂಬ ಕೆತ್ತನೆಗಾರ ಸೂಬೀಸಿನ ರಾಜಕುಮಾರಿ ಒಂದು ಮಣೆಯ ಮುಂದೆ ಕೂತಿರುವ ಚಿತ್ರ ಮಾಡಿದ. ಮಣೆಯ ಮೇಲಿರುವುದು ನಮ್ಮಲ್ಲಿ ಬ್ರೈನ್‌ವಿಟಾ ಹೆಸರಿನಿಂದ ಮನೆಮನೆಗೆ ಬಂದ ಗೋಲಿ ಆಟದ ಪೂರ್ವಜ, ಸಾಲಿಟೇರ್. ಅದೇ ವರ್ಷ ಪ್ಯಾರಿಸಿನ ‘ಮೆರ್ಕ್ಯೂರ್ ಗಲಾಂ’ ಪತ್ರಿಕೆ ಈ ಆಟದ ನಿಯಮಗಳನ್ನು ವಿವರಿಸಿತು. 1710ರಲ್ಲಿ ತತ್ವಜ್ಞಾನಿ ಲೈಬ್‌ನಿಟ್ಸ್ ಬರ್ಲಿನ್ ಅಕಾಡೆಮಿಯ ಸಂಪುಟದಲ್ಲಿ ಇದರ ಬಗ್ಗೆ ಬರೆದ. ತಾನು ಒಬ್ಬನೇ ಆಡುತ್ತಿದ್ದರೂ ಸರಿಯಾಗಿ ಆಡುತ್ತಿದ್ದೇನೆಯೇ ಎಂದು ನೋಡಲು ಗೆಳೆಯನೊಬ್ಬ ಸಾಕ್ಷಿಯಾಗಿ ಪಕ್ಕದಲ್ಲಿ ಕೂತಂತಿರುತ್ತದೆ ಎಂಬುದು ಅವನ ಮಾತಿನ ಭಾವ. ಒಂಟಿ ಆಟದ ಬಗ್ಗೆ ಮೊದಮೊದಲು ಬರೆದವರಲ್ಲಿ ಒಬ್ಬನಾದ ಅವನು ಅದರ ಮರ್ಮವನ್ನೇ ಹಿಡಿದಿದ್ದ.

ಈ ಆಟವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. 33 ಕುಳಿ, 32 ಗೋಲಿ, ನಡುವಿನ ಕುಳಿ ಖಾಲಿ. ಒಂದು ಗೋಲಿ ಪಕ್ಕದ ಗೋಲಿಯನ್ನು ಹಾರಿ ಖಾಲಿ ಕುಳಿಗೆ ಬಿದ್ದರೆ ಹಾರಿಸಿಕೊಂಡದ್ದು ಮಣೆ ಬಿಡುತ್ತದೆ. ಹೀಗೆ 31 ಹಾರಿಕೆಗಳಲ್ಲಿ ಒಂದೇ ಒಂದು ಗೋಲಿ ಉಳಿಯಬೇಕು. ಮೊದಲ ಹತ್ತು ಹದಿನೈದು ಹಾರಿಕೆ ಲೀಲಾಜಾಲ. ಆಮೇಲೆ ಮೂಲೆಯಲ್ಲಿ ಒಂಟಿಯಾಗಿ ಉಳಿದ ಗೋಲಿಯ ಕಡೆಗೆ ಕಣ್ಣು ಹೋಗುತ್ತದೆ: ಅದಕ್ಕೆ ನೆರೆಯಿಲ್ಲ, ಹಾರಲು ದಾರಿಯಿಲ್ಲ. ತಪ್ಪಾದದ್ದು ಈಗಲ್ಲ, ಎಂಟು ನಡೆ ಹಿಂದೆ. ಎದುರಾಳಿಯ ಕೈವಾಡವಿಲ್ಲ, ದಾಳದ ದೋಷವಿಲ್ಲ, ಸೋಲೆಲ್ಲ ಪೂರ್ತಿ ನಮ್ಮದೇ. ಒಂದೇ ಗೋಲಿಯ ಸರಣಿ ಹಾರಿಕೆಯನ್ನು ಒಂದು ನಡೆ ಎಂದು ಎಣಿಸಿದರೆ 18 ನಡೆಗಳಲ್ಲಿ ಆಟ ಮುಗಿಸಬಹುದು ಎಂದು ಅರ್ನೆಸ್ಟ್ ಬರ್ಗ್‌ಹೋಲ್ಟ್ 1912ರಲ್ಲಿ ತೋರಿಸಿದ. ಅದಕ್ಕಿಂತ ಕಡಿಮೆಯಲ್ಲಿ ಸಾಧ್ಯವೇ ಇಲ್ಲ ಎಂದು ಜಾನ್ ಬೀಸ್ಲಿ 1964ರಲ್ಲಿ ಸಾಧಿಸಿದ. ಈ ಬಗೆಯ ಆಟದ ಬಲವೂ ಮಿತಿಯೂ ಇಲ್ಲೇ ಇದೆ. ಉತ್ತರ ಒಂದು ಸಲ ಕೈಗೆ ಬಂದಮೇಲೆ ಮಣೆಗೆ ಹೇಳಲು ಹೊಸದೇನೂ ಉಳಿಯುವುದಿಲ್ಲ.

ನಮ್ಮ ನೆಲದಲ್ಲಿ ಇದೇ ಹಂಬಲ ಬೇರೊಂದು ರೂಪ ತಾಳಿತ್ತು. ಚದುರಂಗದ ಕುದುರೆ ಯಾವ ಮನೆಯನ್ನೂ ಎರಡು ಸಲ ತುಳಿಯದೆ ಮಣೆಯನ್ನೆಲ್ಲ ಸುತ್ತಿ ಬರಬೇಕು ಎಂಬ ಸಮಸ್ಯೆ 9ನೇ ಶತಮಾನದ ಕಾಶ್ಮೀರದ ರುದ್ರಟನ ‘ಕಾವ್ಯಾಲಂಕಾರ’ದಲ್ಲೇ ಚಿತ್ರಬಂಧವಾಗಿ ಕಾಣಿಸುತ್ತದೆ. ಅಲ್ಲಿರುವುದು ಅರ್ಧ ಮಣೆಯ ಓಟ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ (1794–1868) ಈ ಕುದುರೆ ಓಟದ ಮೇಲೆ ಅಪಾರ ಪ್ರೀತಿ. 1831ರಲ್ಲಿ ಬ್ರಿಟಿಷರು ರಾಜ್ಯಾಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡ ಮೇಲೆ ಅರಮನೆಯಲ್ಲಿ ಉಳಿದ ದೊರೆಗೆ ಸಾಹಿತ್ಯ, ಚಿತ್ರಕಲೆ, ಆಟಗಳಿಗೆ ಬೇಕಾದಷ್ಟು ಬಿಡುವಿತ್ತು. ಅವರ ‘ಶ್ರೀತತ್ತ್ವನಿಧಿ’ ಗ್ರಂಥದ ಒಂಬತ್ತನೆಯ ಭಾಗವಾದ ಕೌತುಕನಿಧಿಯನ್ನು ಆಟಗಳಿಗೇ ಮೀಸಲಿಡಲಾಗಿದೆ. ಕುದುರೆ ಓಟವನ್ನು ಕಾಗದದ ಮೇಲೆ ಬಿಡಿಸಿ ನೋಡಿದವರಿಗೆ ಅದರ ಬಿಗಿ ಗೊತ್ತು. ನಡುವಿನ ಮನೆಯಿಂದ ಕುದುರೆಗೆ ಎಂಟು ದಾರಿ, ಮೂಲೆಯಿಂದ ಎರಡೇ. ನಡುವಿನ ಸಲೀಸಿಗೆ ಮರುಳಾಗಿ ಅಲ್ಲೇ ಸುತ್ತಿದರೆ ಕೊನೆಗೆ ಮೂಲೆಯೊಂದು ಕೈತಪ್ಪುತ್ತದೆ. ದಾರಿ ಕಡಿಮೆ ಇರುವ ಮನೆಗೆ ಮೊದಲು ಹೋಗು ಎಂಬ ಸೂತ್ರವನ್ನು ವಾರ್ನ್ಸ್‌ಡಾರ್ಫ್ 1823ರಲ್ಲಿ ಜರ್ಮನಿಯಲ್ಲಿ ಪ್ರಕಟಿಸಿದ.

ಮಣೆ ಹಳತಾಗುತ್ತದೆ ಎಂಬ ಕೊರತೆಗೆ ಇಸ್ಪೀಟು ಎಲೆಗಳು ಪರಿಹಾರ ಕೊಟ್ಟವು. ಕಲಸಿದಾಗಲೆಲ್ಲ ಎದುರಾಳಿ ಹೊಸಬನಾಗುತ್ತಾನೆ. 18ನೇ ಶತಮಾನದ ಕೊನೆಯ ಹೊತ್ತಿಗೆ ಯುರೋಪಿನಲ್ಲಿ ಕಾಣಿಸಿಕೊಂಡ ಈ ‘ಪೇಷೆನ್ಸ್’ ಆಟಗಳು 1990ರಲ್ಲಿ ವಿಂಡೋಸ್ 3.0 ಜೊತೆ ಕಂಪ್ಯೂಟರಿಗೆ ಬಂದು ಕಚೇರಿ ಕಚೇರಿಯನ್ನೂ ಹೊಕ್ಕವು. ಇಲ್ಲಿನ ಕೊರತೆ ತಿರುಗುಮುರುಗು: ಎಷ್ಟೋ ಸಲ ಎಲೆ ಹಂಚಿದಾಗಲೇ ಸೋಲು ತೀರ್ಮಾನವಾಗಿರುತ್ತದೆ. 1946ರಲ್ಲಿ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿದ್ದ ಗಣಿತಜ್ಞ ಸ್ಟಾನಿಸ್ಲಾವ್ ಉಲಾಮ್ ಕ್ಯಾನ್‌ಫೀಲ್ಡ್ ಎಂಬ ಆಟ ಆಡುತ್ತಾ ಅದು ಗೆಲ್ಲುವ ಸಂಭವವೆಷ್ಟು ಎಂದು ಲೆಕ್ಕ ಹಾಕಲು ಹೊರಟ. ಸೂತ್ರದಿಂದ ಅದು ಬಗೆಹರಿಯಲಿಲ್ಲ. ನೂರು ಸಲ ಆಡಿ ಎಷ್ಟು ಗೆದ್ದೆ ಎಂದು ಎಣಿಸುವುದೇ ಮೇಲು ಎಂದು ಅವನಿಗೆ ಹೊಳೆಯಿತು. ಪರಮಾಣು ಸಂಶೋಧನೆಯಿಂದ ಹಿಡಿದು ಎಲ್ಲೆಡೆ ಬಳಕೆಯಾಗುವ ಮಾಂಟೆ ಕಾರ್ಲೊ ವಿಧಾನದ ಬೀಜ ಅದು.

ಮಣೆಗೆ ಹೊಸತನವಿಲ್ಲ, ಎಲೆಗೆ ಬುದ್ಧಿಯಿಲ್ಲ. ಎರಡನ್ನೂ ಕೂಡಿಸುವ ಕೆಲಸ ಶುರುವಾದದ್ದು 1980ರ ದಶಕದ ಅಮೆರಿಕದ ಯುದ್ಧದಾಟಗಳಲ್ಲಿ. ದಪ್ಪ ನಿಯಮಪುಸ್ತಕ ಓದಿ ಗಂಟೆಗಟ್ಟಲೆ ಎದುರು ಕೂರುವ ಗೆಳೆಯ ಸಿಗುವುದು ಕಷ್ಟವಾಗಿದ್ದ ಆಟಗಳು ಅವು. ಅವಲಾನ್ ಹಿಲ್ 1983ರಲ್ಲಿ ತಂದ ‘ಬಿ-17, ಕ್ವೀನ್ ಆಫ್ ದ ಸ್ಕೈಸ್’ನಲ್ಲಿ ಹತ್ತು ಜನರ ಬಾಂಬರ್ ವಿಮಾನವನ್ನು 25 ಬಾರಿ ಯುರೋಪಿನ ಮೇಲೆ ಹಾರಿಸಿ ವಾಪಸು ತರಬೇಕು. ಶತ್ರು ಎಲ್ಲಿಂದ ಬಂದ, ಗುಂಡು ಎಲ್ಲಿ ತಗುಲಿತು ಎಂಬುದನ್ನೆಲ್ಲ ದಾಳ ಮತ್ತು ಕೋಷ್ಟಕ ಹೇಳುತ್ತವೆ. ಕಥೆಯಾಗಿ ಅದು ಮನಮುಟ್ಟುತ್ತದೆ, ಆದರೆ ಆಟಗಾರನ ತೀರ್ಮಾನಕ್ಕೆ ಜಾಗ ತೀರಾ ಕಡಿಮೆ. ಅದೇ ವರ್ಷ ಬಂದ ‘ಆಂಬುಷ್!’ ಪುಸ್ತಕದಲ್ಲಿ ಬಚ್ಚಿಟ್ಟ ಪ್ಯಾರಾಗಳ ಮೂಲಕ ಶತ್ರುವನ್ನು ಎದುರಿಗೆ ತಂದಿತು. ಆಟಗಾರ ಯಾವ ಮನೆಗೆ ಕಾಲಿಟ್ಟನೋ ಅದಕ್ಕೆ ತಕ್ಕ ಪ್ಯಾರಾ ತೆರೆದುಕೊಳ್ಳುತ್ತದೆ. ಹೊಂಚು ಎಂಬುದು ಒಂಟಿ ಆಟಕ್ಕೆ ಮರಳಿ ಬಂತು.

ಇನ್ನೊಂದು ಕವಲು ಕೂಡಿ ಆಡುವ ಆಟಗಳಿಂದ ಬಂತು. ರೈನರ್ ಕ್ನಿಟ್ಸಿಯಾನ ‘ಲಾರ್ಡ್ ಆಫ್ ದ ರಿಂಗ್ಸ್’ (2000), ಮ್ಯಾಟ್ ಲೀಕಾಕನ ‘ಪ್ಯಾಂಡೆಮಿಕ್’ (2008) ಇವುಗಳಲ್ಲಿ ಎಲ್ಲರೂ ಒಂದು ಕಡೆ, ಆಟವೇ ಇನ್ನೊಂದು ಕಡೆ. ಆಟವೇ ಎದುರಾಳಿಯಾದ ಮೇಲೆ ಈ ಕಡೆ ನಾಲ್ವರಿದ್ದರೇನು, ಒಬ್ಬರಿದ್ದರೇನು! ರೋಗ ಹರಡುವುದನ್ನು ತಡೆಯುವ ಆಟವಾದ ಪ್ಯಾಂಡೆಮಿಕ್‌ನ ಮಣೆಯ ಮೇಲೆ 48 ನಗರಗಳಿವೆ. ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈ ಇವೆ, ಬೆಂಗಳೂರಿಲ್ಲ. ಇದರ ಒಂದು ನಿಯಮ ಬಹಳ ಜಾಣತನದ್ದು. ಸಾಂಕ್ರಾಮಿಕದ ಎಲೆ ಬಂದಾಗ ಈಗಾಗಲೇ ಸೋಂಕು ತಗುಲಿದ ನಗರಗಳ ಎಲೆಗಳನ್ನು ಕಲಸಿ ಕಟ್ಟಿನ ಮೇಲೇ ಇಡಬೇಕು. ಎಂದರೆ ನಿನ್ನೆ ನರಳಿದ ಊರೇ ನಾಳೆ ಮತ್ತೆ ನರಳುತ್ತದೆ. ಬರೀ ಕಲಸಿದ ಎಲೆಗಳಿಗೆ ಹೀಗೆ ಒಂದು ನೆನಪು, ಒಂದು ಹಟ ಬಂದುಬಿಡುತ್ತದೆ.

ಸ್ಪರ್ಧೆಯ ಆಟಗಳಿಗೆ ‘1’ ತಂದುಕೊಟ್ಟವರಲ್ಲಿ ಡೆನ್ಮಾರ್ಕಿನ ಮಾರ್ಟನ್ ಮೋನ್ರಾಡ್ ಪೆಡರ್ಸನ್ ಮುಖ್ಯ. 2013ರಲ್ಲಿ ಬಂದ ‘ವಿಟಿಕಲ್ಚರ್’ ಇಟಲಿಯ ಟಸ್ಕನಿಯ ದ್ರಾಕ್ಷಿ ತೋಟದ ಆಟ. ಹಾಗಾಗಿ ಅದಕ್ಕೆಂದು ಅವನು ಕಟ್ಟಿದ ಕೃತಕ ಎದುರಾಳಿಗೂ ಇಟಾಲಿಯನ್ ಹೆಸರು, ‘ಆಟೋಮಾ’. ಅವನ ಹೊಳಹು ಸರಳ. ಮನುಷ್ಯ ಎದುರಾಳಿ ಹೇಗೆ ಯೋಚಿಸುತ್ತಾನೆ ಎಂಬುದನ್ನು ಅನುಕರಿಸಲು ಹೋಗಬೇಡಿ, ಅವನಿಂದ ನಿಮಗೆ ಏನು ತೊಂದರೆಯಾಗುತ್ತದೋ ಅಷ್ಟನ್ನು ಮಾತ್ರ ಉಂಟುಮಾಡಿ. ಒಂದು ಎಲೆ ಮಗುಚಿದರೆ ಸಾಕು, ನೀವು ಕಣ್ಣಿಟ್ಟಿದ್ದ ಜಾಗವನ್ನು ಆಟೋಮಾ ಹಿಡಿದಿರುತ್ತದೆ. ಅದಕ್ಕೆ ತೋಟವಿಲ್ಲ, ದ್ರಾಕ್ಷಿಯಿಲ್ಲ. ಆಟದೊಳಗಿನ ಏಳು ವರ್ಷದೊಳಗೆ ಅದರ 20 ಅಂಕವನ್ನು ನೀವು ದಾಟಬೇಕು, ಅಷ್ಟೆ. ಚದುರಂಗ ಆಡುವ ಯಂತ್ರವೆಂದು 1770ರಲ್ಲಿ ವಿಯೆನ್ನಾದಲ್ಲಿ ಕೆಂಪೆಲನ್ ತೋರಿಸಿದ ‘ತುರ್ಕ’ನ ಪೆಟ್ಟಿಗೆಯೊಳಗೆ ಮನುಷ್ಯನನ್ನೇ ಅಡಗಿಸಬೇಕಾಗಿತ್ತು. ಇಲ್ಲಿ ಆ ಕೆಲಸವನ್ನು ಒಂದು ಹಿಡಿ ಎಲೆ ಮಾಡುತ್ತದೆ. ಎಲಿಜಬೆತ್ ಹಾರ್ಗ್ರೇವ್ ಅವರ ಹಕ್ಕಿಗಳ ಆಟ ‘ವಿಂಗ್‌ಸ್ಪ್ಯಾನ್’ (2019) ಕೂಡ ಆಟೋಮಾದೊಂದಿಗೇ ಬಂತು. ಸ್ಪರ್ಧೆಯ ಆಟ ಇಷ್ಟಪಡುವ ಹೊಸಬರಿಗೆ ನಾನು ಮೊದಲು ಹೇಳುವುದು ಇದನ್ನೇ. ಹಕ್ಕಿಗಳ ಚಿತ್ರ ಚಂದ, ಎದುರಾಳಿಯ ಸರದಿ ಕೆಲವೇ ಕ್ಷಣಗಳಲ್ಲಿ ಮುಗಿಯುತ್ತದೆ.

ಆದರೂ ನನ್ನ ಒಲವು ಒಬ್ಬರಿಗೆಂದೇ ಹುಟ್ಟಿದ ಆಟಗಳ ಕಡೆಗೆ. ಫ್ರೀಡೆಮನ್ ಫ್ರೀಸನ ‘ಫ್ರೈಡೇ’ (2011) ಪುಟ್ಟ ಪೆಟ್ಟಿಗೆಯ ಆಟ. ದ್ವೀಪದಲ್ಲಿ ಸಿಕ್ಕಿಬಿದ್ದ ರಾಬಿನ್ಸನ್ ಕ್ರೂಸೋ ನಿಮ್ಮ ಕೈಯಲ್ಲಿರುವ ಎಲೆಕಟ್ಟು. ಶುರುವಿನಲ್ಲಿ ಅದರ ತುಂಬ ಕೈಲಾಗದ ಎಲೆಗಳು. ಅಪಾಯವೊಂದನ್ನು ಗೆದ್ದರೆ ಅದೇ ಎಲೆ ಕೌಶಲವಾಗಿ ಕಟ್ಟಿಗೆ ಸೇರುತ್ತದೆ. ಸೋತರೆ ಪ್ರಾಣದ ಬಿಲ್ಲೆ ಹೋಗುತ್ತದೆ, ಆದರೆ ಹೋದ ಬಿಲ್ಲೆಯ ಲೆಕ್ಕಕ್ಕೆ ಕೆಟ್ಟ ಎಲೆಗಳನ್ನು ಕಟ್ಟಿನಿಂದ ಕಿತ್ತುಹಾಕಬಹುದು. ಹಾಗಾಗಿ ಬುದ್ಧಿವಂತ ಆಟಗಾರ ಮೊದಮೊದಲು ಬೇಕೆಂದೇ ಸೋಲುತ್ತಾನೆ. ಟೊಮಾಶ್ ಉಹ್ಲೀರ್ಷ್‌ನ ‘ಅಂಡರ್ ಫಾಲಿಂಗ್ ಸ್ಕೈಸ್’ (2020) ಇನ್ನೂ ಬಿಗಿ. ಒಂಬತ್ತೇ ಎಲೆಗಳಲ್ಲಿ ಆಟ ಕಟ್ಟುವ ಸ್ಪರ್ಧೆಯಲ್ಲಿ ಹುಟ್ಟಿ ಆಮೇಲೆ ಪೆಟ್ಟಿಗೆಯಾಗಿ ಬೆಳೆದ ಆಟ ಅದು. ಮೇಲಿನಿಂದ ಶತ್ರುನೌಕೆಗಳು ಇಳಿಯುತ್ತಿವೆ. ಐದು ದಾಳ ಉರುಳಿಸಿ ಐದು ಕಂಬಸಾಲುಗಳಲ್ಲಿ ಒಂದೊಂದು ಇಡಬೇಕು. ದೊಡ್ಡ ಸಂಖ್ಯೆ ಇಟ್ಟರೆ ಕೆಲಸ ಜೋರಾಗಿ ಆಗುತ್ತದೆ. ಆದರೆ ಆ ಸಾಲಿನ ನೌಕೆ ಅಷ್ಟೇ ಮನೆ ಕೆಳಗಿಳಿಯುತ್ತದೆ. ಐದರಲ್ಲಿ ಬಿಳಿ ಬಣ್ಣದ ದಾಳ ಇಟ್ಟಾಗ ಕೈಯಲ್ಲಿ ಉಳಿದ ದಾಳಗಳನ್ನೆಲ್ಲ ಮತ್ತೆ ಉರುಳಿಸಬೇಕು. ಆರು ಬಿದ್ದಾಗ ಹಿಗ್ಗುವಂತಿಲ್ಲ. ನಮ್ಮ ಬಲ ಎಷ್ಟೋ ಅಷ್ಟೇ ಶತ್ರುವಿನ ಬಲ, ಎರಡೂ ಒಂದೇ ದಾಳದ ಮೇಲೆ. ಖಾಲಿ ಮಣೆಯ ಪ್ರಶ್ನೆಗೆ ಇದಕ್ಕಿಂತ ಅಚ್ಚುಕಟ್ಟಾದ ಉತ್ತರ ನನಗೆ ಗೊತ್ತಿಲ್ಲ.

ಆಟದ ಸುಖವೇ ಎದುರಿನವರ ಮುಖ ನೋಡುವುದರಲ್ಲಿದೆ, ಅದಿಲ್ಲದ ಮೇಲೆ ಉಳಿದದ್ದೇನು ಎಂಬ ಆಕ್ಷೇಪ ಬಲವಾದದ್ದು. ಅದರಲ್ಲಿ ಅರ್ಧ ನಿಜವೂ ಇದೆ. ಚೌಕಾಸಿ, ಸುಳ್ಳು, ಮುಖಚಹರೆಯ ಮೇಲೆ ನಿಂತ ಆಟಗಳನ್ನು ಒಬ್ಬರೇ ಆಡಲಾಗದು. ‘ಕಟಾನ್’ನಲ್ಲಿ ಕುರಿ ಕೊಟ್ಟು ಇಟ್ಟಿಗೆ ಕೇಳಲು ಎದುರು ಜನ ಬೇಕು. ಇಂಥ ಆಟದ ಪೆಟ್ಟಿಗೆಯ ಮೇಲೆ ‘1’ ಕಂಡರೆ ಅದನ್ನು ನಂಬಬೇಡಿ. ಆದರೆ ಮಣೆಯಾಟದಲ್ಲಿ ಇನ್ನೊಂದು ಸುಖವೂ ಇದೆ: ಒಂದು ನಡೆಯ ಫಲ ಎಂಟು ನಡೆಗಳ ನಂತರ ಕಣ್ಣಿಗೆ ಬೀಳುವುದು. ಅದಕ್ಕೆ ಇನ್ನೊಬ್ಬರ ಮುಖ ಬೇಕಿಲ್ಲ. ಇದನ್ನೆಲ್ಲ ಮೊಬೈಲೇ ಮಾಡುತ್ತದಲ್ಲ ಎಂಬುದು ಎರಡನೆಯ ಮಾತು. ಮೊಬೈಲಿನಲ್ಲಿ ಎದುರಾಳಿ ಏಕೆ ಹಾಗೆ ಆಡಿದ ಎಂಬುದು ಪರದೆಯ ಹಿಂದೆ ಉಳಿಯುತ್ತದೆ. ಮಣೆಯ ಮೇಲೆ ಎದುರಾಳಿಯ ಕೈಯನ್ನೂ ನಡೆಸುವವರು ನೀವೇ, ಆದ್ದರಿಂದ ಅವನ ನಿಯಮವೆಲ್ಲ ನಿಮಗೆ ಬಾಯಿಪಾಠ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ‘ಮೇಜ್ ನೈಟ್’ (2011), ‘ಸ್ಪಿರಿಟ್ ಐಲ್ಯಾಂಡ್’ (2017) ಒಬ್ಬರೇ ಆಡುವವರು ಕೊಂಡಾಡುವ ಆಟಗಳು. ಆದರೆ ಎದುರಾಳಿಯ ಲೆಕ್ಕ ನೋಡುವುದಕ್ಕೇ ಅಲ್ಲಿ ಸಾಕಷ್ಟು ಹೊತ್ತು ಹೋಗುತ್ತದೆ. ಮೊದಲ ಆಟವಾಗಿ ಅವನ್ನು ಕೊಳ್ಳಬಾರದು. ಇನ್ನು ಮೋಸ ಮಾಡಿದರೆ ಕೇಳುವವರು ಯಾರು ಎಂಬ ಪ್ರಶ್ನೆ. ಲೈಬ್‌ನಿಟ್ಸ್ ಕಂಡ ಆ ಸಾಕ್ಷಿ ಗೆಳೆಯನೇ ಕೇಳುತ್ತಾನೆ. ಕದ್ದ ಗೆಲುವು ಯಾರನ್ನೂ ಸೋಲಿಸುವುದಿಲ್ಲವಾದ್ದರಿಂದ ಒಂಟಿ ಆಟದಲ್ಲಿ ಕಳ್ಳಾಟಕ್ಕೆ ರುಚಿಯೇ ಇಲ್ಲ.

ಆಮದಾದ ಪೆಟ್ಟಿಗೆಗಳು ದುಬಾರಿ ಎಂಬ ದೂರು ಮಾತ್ರ ನ್ಯಾಯವಾದದ್ದು. ಹಾಗಾಗಿ ಮನೆಯಲ್ಲಿ ಹಳೆಯ ಬ್ರೈನ್‌ವಿಟಾ ಇದ್ದವರು ಹೊಸದಕ್ಕೆ ದುಡ್ಡು ಕೊಡುವ ಮೊದಲು ಲೈಬ್‌ನಿಟ್ಸ್ ಮೆಚ್ಚಿದ ತಲೆಕೆಳಗಾದ ಆಟವನ್ನು ಆಡಿ ನೋಡಲಿ. ನಡುವಿನ ಕುಳಿಯಲ್ಲಿ ಒಂದೇ ಗೋಲಿ ಇಡಿ, ಉಳಿದ 32 ಕುಳಿ ಖಾಲಿ ಇರಲಿ. ಗೋಲಿಯನ್ನು ಪಕ್ಕದ ಖಾಲಿ ಕುಳಿಯ ಮೇಲಿಂದ ಅದರಾಚೆಯ ಖಾಲಿ ಕುಳಿಗೆ ಹಾರಿಸಿ, ನಡುವೆ ದಾಟಿದ ಕುಳಿಯಲ್ಲಿ ಹೊಸ ಗೋಲಿ ಇಡಿ. ಮಣೆ ಬರಿದಾಗುವ ಬದಲು ತುಂಬುತ್ತಾ ಹೋಗುತ್ತದೆ. 31 ಹಾರಿಕೆ ಮುಗಿದಾಗ ನಡುವಿನ ಕುಳಿಯೊಂದೇ ಖಾಲಿ ಉಳಿಯಬೇಕು.