ನಿಮಗಿದು ಗೊತ್ತೆ? ಕಣ್ಣು ಬಿಡದ ಕಂದನಿಗೂ ಚರ್ಚಿನ ವಿದಾಯ

ಜ್ಞಾನಸ್ನಾನಕ್ಕೆ ಮೊದಲೇ ತೀರಿಕೊಂಡ ಮಗು ಎಲ್ಲಿಗೆ ಹೋಗುತ್ತದೆ? ಕ್ರೈಸ್ತ ತಾಯಂದಿರ ಒಡಲು ಸುಟ್ಟ ಪ್ರಶ್ನೆ ಇದು. ಅಂಥ ಮಕ್ಕಳು ಸ್ವರ್ಗವೂ ಅಲ್ಲದ, ನರಕವೂ ಅಲ್ಲದ ‘ಲಿಂಬೊ’ದಲ್ಲಿ ಉಳಿಯುತ್ತವೆ ಎಂದು ಹಿಂದೆ ಹೇಳುತ್ತಿದ್ದರು. ಅದು ಕಥೋಲಿಕ ಸಭೆಯ ಅಧಿಕೃತ ವಿಶ್ವಾಸಸೂತ್ರ ಆಗಿರಲೇ ಇಲ್ಲ. 2007ರಲ್ಲಿ ವ್ಯಾಟಿಕನ್ನಿನ ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗವು, ಈ ಕಂದಮ್ಮಗಳಿಗೂ ಸದ್ಗತಿ ಉಂಟೆಂದು ಭರವಸೆ ಇಡಲು ಬಲವಾದ ಕಾರಣಗಳಿವೆ ಎಂದಿತು.

ಅದಕ್ಕೂ ಮುಂಚೆಯೇ, 1983ರ ಕೆನಾನ್ ಕಾನೂನು ದಾರಿ ತೆರೆದಿತ್ತು: ಜ್ಞಾನಸ್ನಾನ ಕೊಡಿಸುವ ಮನಸ್ಸು ಹೆತ್ತವರಿಗೆ ಇದ್ದಿದ್ದರೆ, ಧರ್ಮಾಧ್ಯಕ್ಷರ ಅನುಮತಿಯಿಂದ ಮಗುವಿಗೆ ಚರ್ಚಿನ ಅಂತ್ಯಸಂಸ್ಕಾರ ನಡೆಸಬಹುದು. ಆಸ್ಪತ್ರೆಯಿಂದ ಬರಿಗೈಲಿ ಮನೆಗೆ ಮರಳುವವರಿಗೆ ಈ ಮಾತು ತಲುಪಲೇಬೇಕು. ಪ್ರೊಟೆಸ್ಟಂಟರು ದಾವೀದನನ್ನು ನೆನೆಯುತ್ತಾರೆ. ಏಳನೆಯ ದಿನಕ್ಕೆ ಕೂಸನ್ನು ಕಳೆದುಕೊಂಡರೂ ಮುಂದೊಮ್ಮೆ ಅದನ್ನು ಸೇರುವೆನೆಂದು ನಂಬಿದ ತಂದೆ ಅವನು.



ಅಕ್ಟೋಬರ್ 15 ಇಂಥ ಮಕ್ಕಳ ಸ್ಮರಣೆಯ ದಿನ. ಸಂಜೆ 7ಕ್ಕೆ ಹಲವು ದೇಶಗಳಲ್ಲಿ ಮೇಣದಬತ್ತಿ ಹಚ್ಚುತ್ತಾರೆ. ನಿಮ್ಮ ಬೀದಿಯಲ್ಲೂ ಅಂಥ ತಾಯಿ ಇರಬಹುದು. ‘ಇನ್ನೊಂದು ಆಗುತ್ತೆ ಬಿಡಮ್ಮ’ ಅನ್ನಬೇಡಿ. ಮಗುವಿಗೆ ಯಾವ ಹೆಸರು ಅಂದುಕೊಂಡಿದ್ದಿರಿ ಎಂದು ಕೇಳಿ.