ದೊಡ್ಡ ಕ್ಯಾಮೆರಾವೋ, ಚಿಕ್ಕ ಕ್ಯಾಮೆರಾವೋ?

ರಾಮನಗರದ ರಾಮದೇವರ ಬೆಟ್ಟದ ಬಂಡೆಗೋಡೆಯನ್ನು ಕೆಳಗಿನಿಂದ ಕತ್ತೆತ್ತಿ ನೋಡಿದರೆ, ಅದೃಷ್ಟವಿದ್ದ ದಿನ, ಬಹು ಎತ್ತರದಲ್ಲಿ ಒಂದು ಕಂದುಬಣ್ಣದ ಚುಕ್ಕೆ ಕಾಣಿಸೀತು. ಅದೇ ಉದ್ದಕೊಕ್ಕಿನ ರಣಹದ್ದು. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ನೋವು ನಿವಾರಕ ಔಷಧಿಯು, ಸತ್ತ ದನದ ಮಾಂಸವನ್ನು ತಿಂದ ಹದ್ದುಗಳ ಮೂತ್ರಪಿಂಡಗಳನ್ನು ಕೆಡಿಸಿ, ನಮ್ಮ ದೇಶದಲ್ಲಿ ಈ ಜಾತಿಯ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಹಕ್ಕಿಗಳನ್ನು ಅಳಿಸಿಹಾಕಿತು. ೨೦೦೬ರಲ್ಲಿ ಪಶುಚಿಕಿತ್ಸೆಯಲ್ಲಿ ಆ ಔಷಧಿಯನ್ನು ನಿಷೇಧಿಸಲಾಯಿತು. ೨೦೧೨ರಲ್ಲಿ ಈ ಬೆಟ್ಟವನ್ನು ರಣಹದ್ದುಗಳ ವನ್ಯಧಾಮವೆಂದು ಘೋಷಿಸಲಾಯಿತು. ಈ ಹಕ್ಕಿ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಗೂಡಿನ ಬಳಿ ಜನ ಸುಳಿದಾಡಿ ಅದೊಂದು ಕೆಟ್ಟರೆ ಆ ವರ್ಷದ ಸಂತಾನವೇ ಹೋದಂತೆ. ಆದುದರಿಂದ ಇದರ ಚಿತ್ರ ತೆಗೆಯುವವನು ಅನುಮತಿಯಿರುವ ಸ್ಥಳದಲ್ಲಿ, ದೂರದಲ್ಲಿಯೇ ನಿಲ್ಲಬೇಕು.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ವಿದ್ಯಾರ್ಥಿಗಳು ಹಣ ಕೂಡಿಟ್ಟುಕೊಂಡು ಬಂದು ನಮ್ಮನ್ನು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: “ಡಿಎಸ್‌ಎಲ್‌ಆರ್ ಕೊಳ್ಳಬೇಕೋ, ಜೇಬಿನಲ್ಲಿಡುವ ಕಾಂಪ್ಯಾಕ್ಟ್ ಸಾಕೋ?” ಅಂಗಡಿಯಲ್ಲಿ ಇದಕ್ಕೆ ಮೆಗಾಪಿಕ್ಸೆಲ್ಲುಗಳ ಲೆಕ್ಕದಲ್ಲಿ ಉತ್ತರ ದೊರೆಯುತ್ತದೆ. ನಾವು ಭೌತಶಾಸ್ತ್ರದ ಲೆಕ್ಕವನ್ನು ಹಿಡಿದು ನೋಡೋಣ.

ಮೊದಲು ಯಂತ್ರಗಳ ಪರಿಚಯ. ಡಿಎಸ್‌ಎಲ್‌ಆರ್‌ನಲ್ಲಿ ಮಸೂರದ ಹಿಂದೆ ಓರೆಯಾಗಿ ನಿಂತ ಕನ್ನಡಿಯೊಂದು ಬೆಳಕನ್ನು ನಮ್ಮ ಕಣ್ಣಿಗೆ ಕಳುಹಿಸುತ್ತದೆ. ಗುಂಡಿಯೊತ್ತಿದೊಡನೆ ಕನ್ನಡಿ ಮೇಲಕ್ಕೆ ಮಡಚಿಕೊಂಡು, ಬೆಳಕು ಹಿಂದಿರುವ ಸೆನ್ಸರ್ ಫಲಕದ ಮೇಲೆ ಬೀಳುತ್ತದೆ. ಮಸೂರವನ್ನು ಬೇಕಾದಾಗ ಬದಲಾಯಿಸಬಹುದು. ಕಾಂಪ್ಯಾಕ್ಟಿನಲ್ಲಿ ಕನ್ನಡಿಯಿಲ್ಲ, ಮಸೂರ ಬದಲಾಗದು. ಇಂದು ಬರುವ ದೊಡ್ಡ ಕ್ಯಾಮೆರಾಗಳಲ್ಲಿ ಬಹುಪಾಲು ಕನ್ನಡಿಯನ್ನು ಕೈಬಿಟ್ಟಿವೆ. ಆದರೆ ಮುಂದಿನ ಲೆಕ್ಕ ಅವಕ್ಕೂ ಸಲ್ಲುತ್ತದೆ. ಮುಖ್ಯ ವ್ಯತ್ಯಾಸವಿರುವುದು ಫಲಕದ ಅಳತೆಯಲ್ಲಿ. ಸಾಮಾನ್ಯ ಡಿಎಸ್‌ಎಲ್‌ಆರ್‌ನ ಫಲಕ ಸುಮಾರು ೨೩.೫ ಮಿ.ಮೀ. ಅಗಲ, ೧೫.೬ ಮಿ.ಮೀ. ಎತ್ತರ, ಕಾಂಪ್ಯಾಕ್ಟಿನದು ಸುಮಾರು ೬.೨ ಮತ್ತು ೪.೬ ಮಿ.ಮೀ. ವಿಸ್ತೀರ್ಣದಲ್ಲಿ ಹನ್ನೆರಡು ಪಟ್ಟಿಗೂ ಹೆಚ್ಚಿನ ಅಂತರ.

ಈಗ ಹದ್ದಿನ ಕಡೆಗೆ ತಿರುಗೋಣ. ೯೦ ಸೆಂ.ಮೀ. ಉದ್ದದ ಹಕ್ಕಿ ೩೦೦ ಮೀಟರ್ ದೂರದಲ್ಲಿ ಕುಳಿತಿದೆಯೆಂದು ಭಾವಿಸಿ. ದೂರದ ವಸ್ತುವಿನ ಬಿಂಬದ ಅಳತೆ ಬೇಕಾದರೆ ವಸ್ತುವಿನ ಅಳತೆಯನ್ನು ಮಸೂರದ ಸಂಗಮದೂರದಿಂದ ಗುಣಿಸಿ, ವಸ್ತುವಿನ ದೂರದಿಂದ ಭಾಗಿಸಬೇಕು. ಡಿಎಸ್‌ಎಲ್‌ಆರ್‌ಗೆ ೩೦೦ ಮಿ.ಮೀ. ಮಸೂರವನ್ನು ತೊಡಿಸಿದರೆ ಬಿಂಬ ೦.೯ ಮಿ.ಮೀ. ಆಗುತ್ತದೆ. ೨೪ ಮೆಗಾಪಿಕ್ಸೆಲ್ ಫಲಕದಲ್ಲಿ ಅದು ಸುಮಾರು ೨೩೦ ಪಿಕ್ಸೆಲ್. ಬಹುದೂರ ಚಾಚುವ ಕಾಂಪ್ಯಾಕ್ಟಿನ ನಿಜವಾದ ಸಂಗಮದೂರ ೧೭೨ ಮಿ.ಮೀ. ಎಂದಿಟ್ಟುಕೊಳ್ಳೋಣ. ಬಿಂಬ ೦.೫೨ ಮಿ.ಮೀ. ಮಾತ್ರ; ಆದರೆ ೨೦ ಮೆಗಾಪಿಕ್ಸೆಲ್ಲುಗಳನ್ನು ಪುಟ್ಟ ಫಲಕದಲ್ಲಿ ಒತ್ತೊತ್ತಾಗಿ ತುಂಬಿರುವುದರಿಂದ ಹಕ್ಕಿಗೆ ಸುಮಾರು ೪೩೦ ಪಿಕ್ಸೆಲ್ ದೊರೆಯುತ್ತವೆ. ಹಾಗಾದರೆ ಕಾಂಪ್ಯಾಕ್ಟೇ ಗೆದ್ದಿತೆ?

ಅವಸರ ಬೇಡ. ಬೆಳಕು ಅಲೆಯ ರೂಪದಲ್ಲಿ ಚಲಿಸುವುದರಿಂದ ಕಿರಿದಾದ ದ್ವಾರದಲ್ಲಿ ಹಾದಾಗ ಅಕ್ಕಪಕ್ಕಕ್ಕೆ ಹರಡುತ್ತದೆ. ಇದೇ ವಿವರ್ತನೆ. ದ್ವಾರ ಕಿರಿದಾದಷ್ಟೂ ಹರಡಿಕೆ ಹೆಚ್ಚು. ಸಂಗಮದೂರವನ್ನು ಮಸೂರದ ‘ಎಫ್’ ಸಂಖ್ಯೆಯಿಂದ ಭಾಗಿಸಿದರೆ ದ್ವಾರದ ವ್ಯಾಸ ಸಿಗುತ್ತದೆ. ಆ ಕಾಂಪ್ಯಾಕ್ಟಿನ ಎಫ್ ಸಂಖ್ಯೆ ೬.೯ ಆದರೆ ದ್ವಾರ ೨೫ ಮಿ.ಮೀ.; ೫.೬ ಎಫ್ ಸಂಖ್ಯೆಯ ೩೦೦ ಮಿ.ಮೀ. ಮಸೂರದ್ದು ೫೪ ಮಿ.ಮೀ. ೨೫ ಮಿ.ಮೀ. ದ್ವಾರವು ೩೦೦ ಮೀಟರ್ ದೂರದಲ್ಲಿ ೮ ಮಿ.ಮೀ.ಗಿಂತ ಹತ್ತಿರವಿರುವ ಎರಡು ಚುಕ್ಕೆಗಳನ್ನು ಬೇರ್ಪಡಿಸಿ ತೋರಿಸಲಾರದು. ಡಿಎಸ್‌ಎಲ್‌ಆರ್‌ನ ಪಿಕ್ಸೆಲ್ಲುಗಳು ದೊಡ್ಡವಾದುದರಿಂದ ಅದು ತೋರಿಸಬಲ್ಲ ಸೂಕ್ಷ್ಮವೂ ಹೆಚ್ಚುಕಡಮೆ ಅಷ್ಟೇ. ಹೆಚ್ಚುವರಿ ಇನ್ನೂರು ಪಿಕ್ಸೆಲ್ಲುಗಳು ಬಿಂಬವನ್ನು ಹಿಗ್ಗಿಸಿದವೇ ಹೊರತು ಹೊಸದೇನನ್ನೂ ತೋರಿಸಲಿಲ್ಲ.

ಇದೇ ರಾಮನಗರದ ಬಂಡೆಗಳ ನಡುವೆ ಚಿತ್ರಿಸಿದ, ೧೯೭೫ರಲ್ಲಿ ತೆರೆಕಂಡ ‘ಶೋಲೆ’ಯನ್ನು ನೆನೆಯಬಹುದು. ಅದನ್ನು ೩೫ ಮಿ.ಮೀ. ಫಿಲ್ಮಿನಲ್ಲಿ ತೆಗೆದು, ಬಳಿಕ ೭೦ ಮಿ.ಮೀ.ಗೆ ಹಿಗ್ಗಿಸಿದರು. ತೆರೆ ಭವ್ಯವಾಯಿತು, ನಿಜ. ಆದರೆ ಮೂಲ ಫಿಲ್ಮಿನಲ್ಲಿ ಮೂಡದ ಸೂಕ್ಷ್ಮವನ್ನು ಯಾವ ಹಿಗ್ಗುವಿಕೆಯೂ ತಂದುಕೊಡಲಾರದು. ಅದೇ ವರ್ಷ ಅಮೆರಿಕೆಯ ಕೊಡಾಕ್ ಸಂಸ್ಥೆಯ ಸ್ಟೀವನ್ ಸ್ಯಾಸನ್ ರಚಿಸಿದ ಡಿಜಿಟಲ್ ಕ್ಯಾಮೆರಾದಲ್ಲಿದ್ದುದು ಬರಿಯ ಹತ್ತು ಸಾವಿರ ಪಿಕ್ಸೆಲ್.

ನಡುಹಗಲಿನಲ್ಲಿ, ಹೀಗೆ, ಎರಡೂ ಸರಿಸಮಾನ. ಮುಂಜಾನೆಯಲ್ಲಿ ಹಾಗಲ್ಲ. ದ್ವಾರದ ವಿಸ್ತೀರ್ಣದ ಲೆಕ್ಕದಲ್ಲಿ ದೊಡ್ಡ ಮಸೂರ ಹದ್ದಿನಿಂದ ಬರುವ ಬೆಳಕನ್ನು ನಾಲ್ಕೂವರೆ ಪಟ್ಟು ಹೆಚ್ಚು ಹಿಡಿಯುತ್ತದೆ. ಬೆಳಕು ಫೋಟಾನುಗಳ ಹನಿಗಳಾಗಿ ಬರುತ್ತದೆ. ಎಣಿಕೆಯಲ್ಲಿನ ಏರಿಳಿತ ಆ ಎಣಿಕೆಯ ವರ್ಗಮೂಲದಷ್ಟು. ಒಂದು ಗರಿಯಿಂದ ಕಾಂಪ್ಯಾಕ್ಟಿಗೆ ೯೦೦ ಫೋಟಾನು ಬಂದರೆ ಏರಿಳಿತ ೩೦, ಅಂದರೆ ನೂರಕ್ಕೆ ಮೂರಕ್ಕಿಂತ ಹೆಚ್ಚು. ಅಷ್ಟೇ ಹೊತ್ತಿನಲ್ಲಿ ದೊಡ್ಡ ಮಸೂರಕ್ಕೆ ೪೦೫೦ ಬಂದರೆ ಏರಿಳಿತ ೬೪, ನೂರಕ್ಕೆ ಒಂದೂವರೆಯಷ್ಟು. ಮಬ್ಬಿನ ಚಿತ್ರಗಳಲ್ಲಿ ಮರಳು ಎರಚಿದಂತೆ ಕಾಣುವ ಕಲೆಗಳ ಮುಖ್ಯ ಮೂಲ ಇದೇ.

ಇಲ್ಲಿ ಒಂದು ಎಚ್ಚರಿಕೆ. ಕೂಡಿಟ್ಟ ಹಣವೆಲ್ಲ ಕ್ಯಾಮೆರಾಕ್ಕೇ ಮುಗಿದು, ಅದರೊಡನೆ ಬರುವ ೧೮-೫೫ ಮಿ.ಮೀ. ಮಸೂರವೊಂದೇ ಕೈಯಲ್ಲಿ ಉಳಿಯುವುದುಂಟು. ೫೫ ಮಿ.ಮೀ.ನಲ್ಲಿ ಅದರ ದ್ವಾರ ಕೇವಲ ೧೦ ಮಿ.ಮೀ.; ಹದ್ದು ೪೨ ಪಿಕ್ಸೆಲ್ಲಿನ ಚುಕ್ಕೆ. ಕಾಂಪ್ಯಾಕ್ಟಿಗಿಂತಲೂ ಕಡೆ! ೩೦೦ ಮಿ.ಮೀ. ಮಸೂರದಷ್ಟು ದೊಡ್ಡ ಬಿಂಬ ಬೇಕಾದರೆ ಹಕ್ಕಿಯಿಂದ ೫೫ ಮೀಟರಿನಷ್ಟು ಹತ್ತಿರಕ್ಕೆ ಹೋಗಬೇಕಾಗುತ್ತದೆ. ಮಸೂರದ ಕೊರತೆಯನ್ನು ಕಾಲುಗಳಿಂದ ತುಂಬಿಕೊಳ್ಳುವ ಈ ಆಸೆಯೇ ಗೂಡಿಗೆ ಅಪಾಯ.

ಹಾಗೆಂದು ಆ ಮಸೂರವನ್ನು ಹಳಿಯಬಾರದು. ಚನ್ನಪಟ್ಟಣದ ಬೊಂಬೆಯ ಕಾರ್ಖಾನೆಯೊಳಗೆ ಹೋಗಿ. ತಿರುಗುವ ಮರದ ಮೇಲೆ ಅರಗಿನ ಬಣ್ಣ ಹಿಡಿಯುವ ಕೈ ಹತ್ತಿರವೇ ಇದೆ, ಕೊರತೆ ಬೆಳಕಿನದು. ಇಲ್ಲಿ ೧೮ ಮಿ.ಮೀ.ಗೆ ಇಟ್ಟ ಆ ಮಸೂರದ ದ್ವಾರ ಸುಮಾರು ೫ ಮಿ.ಮೀ.; ಅಷ್ಟೇ ಅಗಲದ ನೋಟ ಕೊಡುವ ಕಾಂಪ್ಯಾಕ್ಟಿನದು ಒಂದೂಕಾಲು ಮಿ.ಮೀ.ನಷ್ಟು. ಹಿಡಿಯುವ ಬೆಳಕಿನಲ್ಲಿ ಹತ್ತು ಪಟ್ಟಿಗೂ ಮೀರಿದ ಅಂತರ. ಆದರೆ ಸಿದ್ಧವಾದ ಬೊಂಬೆಗಳನ್ನು ಬಿಸಿಲಿನಲ್ಲಿ ಸಾಲಾಗಿಟ್ಟರೆ ಕಾಂಪ್ಯಾಕ್ಟಿನ ಕಿರಿಯ ದ್ವಾರವೇ ವರ: ಮುಂದಿನ ಬೊಂಬೆಯೂ ಹಿಂದಿನದೂ ಒಟ್ಟಿಗೆ ಸ್ಪಷ್ಟವಾಗಿ ಮೂಡುತ್ತವೆ.

ಕನಕಪುರದ ಆಚೆ ಅರ್ಕಾವತಿಯು ಕಾವೇರಿಯನ್ನು ಕೂಡುವ ಸಂಗಮದಲ್ಲಿ, ಹಗಲು ಬೆಳಕು ಹೇರಳ, ಚಿಕ್ಕದೇ ಸಾಕು. ಮಾಗಡಿಯ ಬಳಿಯ ೧೨೨೬ ಮೀಟರ್ ಎತ್ತರದ ಸಾವನದುರ್ಗವನ್ನು ಏರುವವನಿಗೆ ಒಂದು ಕಿಲೋಗ್ರಾಮಿಗೂ ಮೀರಿದ ಕ್ಯಾಮೆರಾ, ಮಸೂರಗಳ ಭಾರ ಹೆಜ್ಜೆಹೆಜ್ಜೆಗೂ ತಿಳಿಯುತ್ತದೆ. ಭಾರಕ್ಕಂಜಿ ಮನೆಯಲ್ಲಿ ಬಿಟ್ಟ ಕ್ಯಾಮೆರಾ ಎಷ್ಟು ಉತ್ತಮವಾದರೇನು?

ಆದುದರಿಂದ, ಕೊಳ್ಳುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳಿ: ವಸ್ತು ಎಷ್ಟು ದೂರ? ಬೆಳಕು ಎಷ್ಟು? ನನ್ನ ಹಣಕ್ಕೆ ಎಷ್ಟು ಅಗಲದ ದ್ವಾರ ಸಿಗುತ್ತದೆ? ಹಗಲಿನ ಪ್ರವಾಸವೇ ಹೆಚ್ಚಾದರೆ ಕಾಂಪ್ಯಾಕ್ಟ್ ಸಾಲುತ್ತದೆ. ಮುಂಜಾನೆಯ ಹಕ್ಕಿಗಳಲ್ಲಿ ಮನಸ್ಸಿದ್ದರೆ ಹಳೆಯ ಡಿಎಸ್‌ಎಲ್‌ಆರ್ ಒಂದನ್ನು ಅಗ್ಗವಾಗಿ ಕೊಂಡು, ಉಳಿಸಿದ ಹಣವನ್ನು ಮಸೂರಕ್ಕೆ ಹಾಕುವುದು ಜಾಣತನ. ಯಾವುದನ್ನೇ ಕೊಳ್ಳಿ, ಚಿತ್ರದಲ್ಲಿ ಹದ್ದು ಚುಕ್ಕೆಯಾಗಿಯೇ ಉಳಿದರೆ ಉಳಿಯಲಿ. ಬಂಡೆಯ ಮೇಲೆ ಅದರ ಮರಿ ಬೆಳೆಯಲಿ.