ವರದಿಯಲ್ಲಿ 'ಅಬ್‌ನಾರ್ಮಲ್' ಎಂದಿದೆ, ಎದೆಯಲ್ಲಿ ನೋವಿಲ್ಲ



ಹಡಪಸರದ ಗಾಡೀತಳದ ಕಡೆಯಿಂದ ಕೇಳುಗರೊಬ್ಬರು ಹೀಗೆ ಬರೆದಿದ್ದಾರೆ: "ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಕಂಪನಿಯ ತಪಾಸಣೆಯಲ್ಲಿ ಇಸಿಜಿ ತೆಗೆದರು. ಕಾಗದದ ಮೇಲೆ 'ಅಬ್‌ನಾರ್ಮಲ್' ಎಂದು ಅಚ್ಚಾಗಿದೆ. ನನಗೆ ಎದೆನೋವು ಇಲ್ಲವೇ ಇಲ್ಲ. ಹೆದರಬೇಕೋ, ಸುಮ್ಮನಿರಬೇಕೋ?"

ಎರಡೂ ಬೇಡ. ಆದರೆ ಸುಮ್ಮನಿರುವುದಂತೂ ಬೇಡವೇ ಬೇಡ. ಯಾಕೆಂದು ಸ್ವಲ್ಪ ವಿವರವಾಗಿ ನೋಡೋಣ.

ಮೊದಲು ಆ ಕಾಗದದ ವಿಚಾರ. ಇಸಿಜಿ ಎಂದರೆ ನಿಮ್ಮ ಹೃದಯದ ವಿದ್ಯುತ್ ಚಲನೆಯ ಹತ್ತು ಸೆಕೆಂಡಿನ ಚಿತ್ರ. ಮೈಗೆ ಹತ್ತು ತಂತಿ ಅಂಟಿಸಿ ಹನ್ನೆರಡು ದಿಕ್ಕಿನಿಂದ ನೋಡುತ್ತಾರೆ. ಮೇಲ್ಗಡೆ ಅಚ್ಚಾಗುವ ಇಂಗ್ಲಿಷ್ ಸಾಲುಗಳನ್ನು ಬರೆಯುವುದು ಯಂತ್ರ, ವೈದ್ಯರಲ್ಲ. ಯಂತ್ರಕ್ಕೆ ನಿಮ್ಮ ವಯಸ್ಸು ಗೊತ್ತಿರಬಹುದು, ನಿಮ್ಮ ಕಥೆ ಗೊತ್ತಿಲ್ಲ. ರಕ್ತದ ಒತ್ತಡ ಬಹಳ ಕಾಲ ಹೆಚ್ಚಿದ್ದು ಹೃದಯದ ಗೋಡೆ ದಪ್ಪಗಾಗಿದ್ದರೂ, ಪೊಟ್ಯಾಸಿಯಂ ಏರುಪೇರಾಗಿದ್ದರೂ, ಆ ಹೊತ್ತಿಗೆ ಸಕ್ಕರೆ ತೀರಾ ಇಳಿದಿದ್ದರೂ ಗೆರೆ ಬದಲಾಗುತ್ತದೆ. 'ನಾನ್ ಸ್ಪೆಸಿಫಿಕ್ ಎಸ್‌ಟಿ-ಟಿ ಚೇಂಜಸ್' ಎಂಬ ಮಾತು ಬಹಳ ವರದಿಗಳಲ್ಲಿ ಇರುತ್ತದೆ. ಅದರ ಅರ್ಥ ಇಷ್ಟೇ: ಗೆರೆ ಸ್ವಲ್ಪ ಬೇರೆಯಾಗಿದೆ, ಕಾರಣ ಇದರಿಂದ ಹೇಳಲಾಗದು. ಅಂಥ ವರದಿಗೆ ನಿಜವಾದ ಜೊತೆಗಾರ ನಿಮ್ಮ ಹಳೆಯ ಇಸಿಜಿ. ಐದು ವರ್ಷದ ಹಿಂದೆಯೂ ಹೀಗೇ ಇತ್ತೆಂದರೆ ಒಂದು ಮಾತು, ಹೋದ ವರ್ಷ ಇಲ್ಲದ್ದು ಈಗ ಬಂದಿದೆ ಎಂದರೆ ಬೇರೆಯೇ ಮಾತು. ಹಳೆಯ ಕಾಗದಗಳನ್ನು ರದ್ದಿಗೆ ಹಾಕಬೇಡಿ.

ಇನ್ನು ಎದೆನೋವು ಇಲ್ಲ ಎಂಬ ಸಮಾಧಾನ. ಉಳಿದವರಿಗೆ ಇದು ಒಂದಿಷ್ಟು ಧೈರ್ಯ ಕೊಡುವ ಮಾತು. ಸಕ್ಕರೆ ಕಾಯಿಲೆಯವರಿಗೆ ಅಷ್ಟು ಕೊಡುವುದಿಲ್ಲ. ಬಹುಕಾಲ ಸಕ್ಕರೆ ಹೆಚ್ಚಿದ್ದರೆ ಪಾದದ ನರಗಳು ಮರಗಟ್ಟುವುದು ನಿಮಗೆ ಗೊತ್ತೇ ಇದೆ. ಚಪ್ಪಲಿ ಕಳಚಿ ಬಿದ್ದದ್ದೂ ಕೆಲವರಿಗೆ ತಿಳಿಯುವುದಿಲ್ಲ. ಹೃದಯದ ನೋವನ್ನು ಮಿದುಳಿಗೆ ಮುಟ್ಟಿಸುವ ನರಗಳಿಗೂ ಅದೇ ಗತಿಯಾಗಬಹುದು. ಆಗ ಹೃದಯಕ್ಕೆ ರಕ್ತ ಸಾಲದಿದ್ದರೂ ನೋವು ಬಾರದು. ಬದಲಿಗೆ ಮೆಟ್ಟಿಲು ಹತ್ತುವಾಗ ಮೊದಲಿಲ್ಲದ ಏದುಸಿರು, ಕಾರಣವಿಲ್ಲದ ತಣ್ಣನೆ ಬೆವರು, ದವಡೆಯಲ್ಲೋ ಹೊಟ್ಟೆಯ ಮೇಲ್ಭಾಗದಲ್ಲೋ ಒಂದು ಹಿಡಿತ, ಎರಡು ಹೆಜ್ಜೆಗೆ ಸುಸ್ತು. ನಮ್ಮ ಜನ ಇದಕ್ಕೆ 'ಗ್ಯಾಸು' ಎಂದು ಹೆಸರಿಟ್ಟು ಒಂದು ಸೋಡಾ ಕುಡಿದು ಮಲಗುತ್ತಾರೆ. ಈ ಗ್ಯಾಸು ಎಂಬ ಒಂದು ಪದ ನಮ್ಮಲ್ಲಿ ಎಷ್ಟು ಮನೆ ಕೆಡಿಸಿದೆಯೋ!

"ನಾನು ದಪ್ಪಗಿಲ್ಲವಲ್ಲ" ಎನ್ನುವವರಿಗೆ ಪುಣೆಯದೇ ಒಂದು ಉದಾಹರಣೆ. ಇಲ್ಲಿನ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ತಮ್ಮಿಬ್ಬರದೇ ಚಿತ್ರ ಹಾಕಿ ಒಂದು ಪುಟ್ಟ ಬರಹ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಅಳತೆ, ಅಂದರೆ ಬಿಎಂಐ, ಇಬ್ಬರದೂ 22.3. ಆದರೆ ಮೈಯಲ್ಲಿರುವ ಕೊಬ್ಬು ಯುಡ್ಕಿನ್ ಅವರದು ಶೇ. 9.1, ಯಾಜ್ಞಿಕರದು ಶೇ. 21.2! ನೋಡಲು ತೆಳ್ಳಗಿರುವ ಭಾರತೀಯನ ಒಳಗೆ ಕೊಬ್ಬು ಅಡಗಿ ಕುಳಿತಿರುತ್ತದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸಿದವರನ್ನು ನಾನು ಕಾಣೆ. ಆದ್ದರಿಂದ ಕನ್ನಡಿಯನ್ನು ನಂಬಿ ವರದಿಯನ್ನು ಬದಿಗಿಡಬೇಡಿ.

ಇಸಿಜಿಯ ನಂತರ ಸಾಮಾನ್ಯವಾಗಿ ಬರುವುದು ಟಿಎಂಟಿ, ಅಂದರೆ ಓಡುವ ಪಟ್ಟಿಯ ಮೇಲೆ ನಡೆಸುವ ಪರೀಕ್ಷೆ. ಮೂರು ಮೂರು ನಿಮಿಷಕ್ಕೊಮ್ಮೆ ವೇಗವನ್ನೂ ಏರನ್ನೂ ಹೆಚ್ಚಿಸುತ್ತಾರೆ. 220ರಿಂದ ವಯಸ್ಸನ್ನು ಕಳೆದು, ಅದರ ಶೇ. 85ರಷ್ಟು ನಾಡಿಬಡಿತ ಮುಟ್ಟಬೇಕು. ಐವತ್ತು ವರ್ಷದವರಿಗೆ ಅದು ಸುಮಾರು 145. ಅಷ್ಟು ಮುಟ್ಟುವ ಮೊದಲೇ ನಿಂತರೆ ವರದಿ 'ನೆಗೆಟಿವ್' ಎಂದಿದ್ದರೂ ಅದಕ್ಕೆ ತೂಕ ಕಡಿಮೆ. ಪರೀಕ್ಷೆಯ ದಿನ ಇನ್ಸುಲಿನ್, ಸಕ್ಕರೆ ಮಾತ್ರೆ, ಬಿ.ಪಿ. ಮಾತ್ರೆ ಏನು ಮಾಡಬೇಕೆಂದು ಮೊದಲೇ ಕೇಳಿಕೊಳ್ಳಿ. ಮಾತ್ರೆ ನುಂಗಿ ಬರಿಹೊಟ್ಟೆಯಲ್ಲಿ ನಡೆದು ಸಕ್ಕರೆ ಇಳಿದರೆ ಅದು ಇನ್ನೊಂದು ಫಜೀತಿ. ನೀವಾಗಿಯೇ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ.

ಟಿಎಂಟಿ 'ಪಾಸಿಟಿವ್' ಎಂದರೆ ಅಡಚಣೆ ಖಚಿತವೇ? ಇಲ್ಲಿ ಸ್ವಲ್ಪ ಲೆಕ್ಕ ಮಾಡಬೇಕು, ಬೇಸರಿಸಬೇಡಿ. ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ಸಿಕ್ಕ ಅಂದಾಜು ಹೀಗಿದೆ: ರಕ್ತನಾಳದಲ್ಲಿ ನಿಜವಾಗಿ ಅಡಚಣೆ ಇರುವ 100 ಜನರಲ್ಲಿ ಸುಮಾರು 68 ಜನರನ್ನು ಈ ಪರೀಕ್ಷೆ ಹಿಡಿಯುತ್ತದೆ, ಅಡಚಣೆ ಇಲ್ಲದ 100 ಜನರಲ್ಲಿ ಸುಮಾರು 23 ಜನರ ಮೇಲೂ ತಪ್ಪು ಹೊರಿಸುತ್ತದೆ. ಈಗ ನೂರು ಜನರ ಒಂದು ಗುಂಪು ಇದೆ, ಅವರಲ್ಲಿ ಹತ್ತು ಜನರಿಗೆ ಮಾತ್ರ ಕಾಯಿಲೆ ಎಂದಿಟ್ಟುಕೊಳ್ಳಿ. ಹತ್ತರಲ್ಲಿ ಏಳು ಜನ ಪಾಸಿಟಿವ್, ಉಳಿದ ತೊಂಬತ್ತರಲ್ಲಿ ಇಪ್ಪತ್ತೊಂದು ಜನ ಸುಳ್ಳು ಪಾಸಿಟಿವ್. ಅಂದರೆ ಪಾಸಿಟಿವ್ ಬಂದ ನಾಲ್ವರಲ್ಲಿ ಒಬ್ಬರಿಗೆ ಮಾತ್ರ ಕಾಯಿಲೆ. ಅದೇ ಗುಂಪಿನಲ್ಲಿ ಐವತ್ತು ಜನರಿಗೆ ಕಾಯಿಲೆ ಇದ್ದರೆ? ಆಗ ನಾಲ್ವರಲ್ಲಿ ಮೂವರಿಗೆ ನಿಜ. ಯಂತ್ರ ಅದೇ, ಗೆರೆ ಅದೇ, ಅರ್ಥ ಮಾತ್ರ ಬೇರೆ. ನೀವು ಯಾವ ಗುಂಪಿನವರು ಎಂಬುದನ್ನು ಹೇಳುವುದು ನಿಮ್ಮ ವಯಸ್ಸು, ಸಕ್ಕರೆ ಬಂದು ಎಷ್ಟು ವರ್ಷವಾಯಿತು, ಬೀಡಿ-ಸಿಗರೇಟು, ಬಿ.ಪಿ., ಮೂತ್ರದಲ್ಲಿ ಪ್ರೋಟೀನು, ತಂದೆ-ತಾಯಿಯ ಹೃದಯದ ಚರಿತ್ರೆ. ಇಷ್ಟನ್ನೂ ಕೇಳದೆ ಬರೀ ಟಿಎಂಟಿ ಕಾಗದ ನೋಡಿ ತೀರ್ಪು ಕೊಡುವವರಿದ್ದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳುವುದರಲ್ಲಿ ಸಂಕೋಚವೇನೂ ಬೇಡ.

ಅನುಮಾನ ಉಳಿದರೆ ಎಕೋ, ಥಾಲಿಯಂ, ಸಿಟಿ, ಆಂಜಿಯೋಗ್ರಾಂ ಹೀಗೆ ದಾರಿ ಮುಂದುವರಿಯುತ್ತದೆ. ಆಂಜಿಯೋಗ್ರಾಂಗೂ ಸಿಟಿಗೂ ರಕ್ತಕ್ಕೆ ಬಣ್ಣದ ಔಷಧಿ ಬಿಡುತ್ತಾರೆ. ಅದರ ಮೊದಲು ಕ್ರಿಯಾಟಿನೈನ್ ನೋಡಿಸಿರಬೇಕು; ನೀವು ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರೆ ಅದನ್ನು ಹೇಳಲೇಬೇಕು.

ಅಡಚಣೆ ಕಂಡಿತು ಎಂದೇ ಇಟ್ಟುಕೊಳ್ಳೋಣ. ಮನೆಯವರೆಲ್ಲ ಗಾಬರಿಯಾಗಿ "ಈಗಲೇ ಸ್ಟೆಂಟ್ ಹಾಕಿಬಿಡಿ" ಎನ್ನುವುದು ಇಲ್ಲೇ. ಸಕ್ಕರೆ ಕಾಯಿಲೆಯ ಜೊತೆಗೆ ಸ್ಥಿರವಾದ ಹೃದಯ ಕಾಯಿಲೆಯೂ ಇದ್ದ 2,368 ಜನರ ಮೇಲೆ ನಡೆದ 'ಬಾರಿ ಟೂ-ಡಿ' ಅಧ್ಯಯನದ ಫಲಿತಾಂಶ 2009ರಲ್ಲಿ ಬಂತು. ಅರ್ಧ ಜನರಿಗೆ ಔಷಧಿಯ ಜೊತೆಗೆ ಕೂಡಲೇ ಸ್ಟೆಂಟ್-ಆಂಜಿಯೋಪ್ಲಾಸ್ಟಿ ಇಲ್ಲವೇ ಬೈಪಾಸ್, ಉಳಿದವರಿಗೆ ಮೊದಲು ಬಿಗಿಯಾದ ಔಷಧೋಪಚಾರ. ಐದು ವರ್ಷದ ನಂತರ ಎರಡೂ ಕಡೆ ನೂರಕ್ಕೆ ಸುಮಾರು 88 ಜನ ಬದುಕಿದ್ದರು. ಹಾಗೆಂದು ಶಸ್ತ್ರಚಿಕಿತ್ಸೆ ಯಾರಿಗೂ ಬೇಡ ಎಂದಲ್ಲ. ಹಲವು ನಾಳಗಳಲ್ಲಿ ಅಡಚಣೆ ಇರುವ ಸಕ್ಕರೆ ಕಾಯಿಲೆಯವರಿಗೆ ಸ್ಟೆಂಟಿಗಿಂತ ಬೈಪಾಸ್ ಮೇಲು ಎಂದು 2012ರ 'ಫ್ರೀಡಂ' ಅಧ್ಯಯನ ತೋರಿಸಿತು. ಸ್ಥಿರವಾಗಿರುವವರಿಗೆ ಕುಳಿತು ಯೋಚಿಸಲು ಸಮಯವಿದೆ ಎಂಬುದು ಇದರ ತಾತ್ಪರ್ಯ. ಸ್ಟ್ಯಾಟಿನ್, ಬಿ.ಪಿ. ಔಷಧಿ, ತಂಬಾಕು ಬಿಡುವುದು ಇವು ಸ್ಟೆಂಟ್ ಹಾಕಿಸಿದರೂ ಬೇಕು, ಹಾಕಿಸದಿದ್ದರೂ ಬೇಕು.

ಆದರೆ ಏದುಸಿರು, ಬೆವರು, ಎದೆಯ ಹಿಡಿತ ಒಮ್ಮೆಲೇ ಬಂದು ನಿಲ್ಲದಿದ್ದರೆ ಮೇಲೆ ಹೇಳಿದ ಯಾವ ಲೆಕ್ಕವೂ ಬೇಡ. 108ಕ್ಕೆ ಫೋನ್ ಮಾಡಿ. ರಾತ್ರಿಯೆಂದು ಬೆಳಗಿನ ತನಕ ಕಾಯಬೇಡಿ, ಸ್ಕೂಟರಿನ ಹಿಂದೆ ಕೂರಿಸಿ ಒಯ್ಯಬೇಡಿ.

ಕೊನೆಗೆ ಭಾಷೆಯ ಒಂದು ತೊಂದರೆ. ಕಲಬುರಗಿ, ವಿಜಯಪುರದ ಕಡೆಯಿಂದ ಮಗನ ಮನೆಗೆ ಬಂದಿರುವ ತಾಯಿ, "ಎದಿ ಹಿಡಧಂಗ ಆಗ್ತದ, ದಮ್ಮು ಹತ್ತತದ" ಎನ್ನುತ್ತಾರೆ. ಮಗ ಆಫೀಸಿನಲ್ಲಿರುತ್ತಾನೆ, ಎದುರಿಗಿರುವ ವೈದ್ಯರದು ಮರಾಠಿ. ಈ ನಾಲ್ಕು ಮಾತನ್ನು ದೊಡ್ಡ ಅಕ್ಷರದಲ್ಲಿ ಬರೆದು ಅವರ ಔಷಧಿ ಚೀಲದಲ್ಲಿ ಇಟ್ಟುಬಿಡಿ: ದಮ್ಮು ಹತ್ತಿದರೆ 'ದಮ ಲಾಗತೋ', ಎದೆ ನೋವಿಗೆ 'ಛಾತೀತ ದುಖತಂಯ್', ಬೆವರಿಗೆ 'ಘಾಮ ಯೇತೋ', ತಲೆ ತಿರುಗಿದರೆ 'ಚಕ್ಕರ ಯೇತೇ'. ಅದೇ ಚೀಟಿಯ ಹಿಂಬದಿಗೆ ಮಾತ್ರೆಗಳ ಹೆಸರು, ಸಕ್ಕರೆ ಕಾಯಿಲೆ ಶುರುವಾದ ವರ್ಷ, ಮಗನ ಫೋನ್ ನಂಬರು.